ಕಾಯಿಲೆಯವರಿಗೆ ಬುಟ್ಟಿ ಕಟ್ಟುವುದು ಹೇಗೆ: ಮುಂಬಯಿ ಕನ್ನಡಿಗರಿಗೊಂದು ಮಾರ್ಗದರ್ಶಿ

ಆಸ್ಪತ್ರೆಗೆ ನೋಡಲು ಹೋಗುವಾಗ ಏನು ಒಯ್ಯಬೇಕು ಎಂದು ಓದುಗರು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ರೂಢಿಯ ಉತ್ತರ ಎಲ್ಲರಿಗೂ ಗೊತ್ತು: ನಾಲ್ಕು ಸೇಬು, ಎರಡು ಎಳನೀರು, ಒಂದು ಹಾರ್ಲಿಕ್ಸ್ ಬಾಟಲಿ. ಆದರೆ ಕಿಡ್ನಿ ಕೆಟ್ಟವರಿಗೆ ಎಳನೀರು ಅಪಾಯ. ಸಾಮಾನ್ಯ ಹಾರ್ಲಿಕ್ಸಿನಲ್ಲಿ ಸಕ್ಕರೆ ಇರುವುದರಿಂದ ಡಯಾಬಿಟಿಸ್ ಇದ್ದವರಿಗೆ ಅದು ಆಗಿಬರುವುದಿಲ್ಲ. ಬಾಯಿಯ ಆಪರೇಷನ್ ಆದವರು ಸೇಬನ್ನು ಕಚ್ಚಲಾರರು. ಹೀಗೆ ಪ್ರೀತಿಯಿಂದ ಒಯ್ದದ್ದು ಪಕ್ಕದ ಹಾಸಿಗೆಗೋ ಕಸದ ಡಬ್ಬಿಗೋ ಸೇರುತ್ತದೆ.

ಯೋಚಿಸಿ ಕಟ್ಟಿದ ಬುಟ್ಟಿಗೆ ಹೆಚ್ಚು ಹಣ ಬೇಡ, ವಿಚಾರಣೆ ಬೇಕು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬುಟ್ಟಿ ಕಾಯಿಲೆಯವರ ಹೆಸರಿಗೆ ಹೋದರೂ ಅದನ್ನು ಬಿಚ್ಚುವವರು, ಬೇಯಿಸುವವರು, ಎತ್ತಿಡುವವರು ಪಕ್ಕದಲ್ಲಿ ಕೂತಿರುವ ಹೆಂಡತಿ, ಮಗಳು, ತಮ್ಮ. ಅವರನ್ನು ಮರೆತು ಕಟ್ಟಿದ ಬುಟ್ಟಿ ಅವರಿಗೆ ಇನ್ನೊಂದು ಕೆಲಸವಾಗುತ್ತದೆ. ಅರ್ಧ ಬುಟ್ಟಿ ಅವರದು ಎಂದು ತಿಳಿದೇ ಶುರುಮಾಡಿ.

ಹಂತ 1: ಕೊಳ್ಳುವ ಮೊದಲು ಫೋನ್ ಮಾಡಿ

ಫೋನ್ ಕಾಯಿಲೆಯವರಿಗೆ ಬೇಡ. ‘ಏನೂ ಬೇಡ ಮಾರಾಯ್ರೇ, ನೀವು ಬಂದರೆ ಸಾಕು’ ಎಂದುಬಿಡುತ್ತಾರೆ. ಜೊತೆಗಿರುವವರಿಗೆ ಮಾಡಿ. ‘ಏನಾದರೂ ಬೇಕಾ?’ ಎಂದು ಕೇಳಿದರೆ ಅವರಿಂದಲೂ ‘ಬೇಡ’ ಎಂಬ ಉತ್ತರವೇ ಬರುತ್ತದೆ. ಹಾಗಾಗಿ ನೇರವಾಗಿ ಇವನ್ನು ಕೇಳಿ:

– ಅತ್ತಿಗೆ, ಡಾಕ್ಟ್ರು ಯಾವುದು ತಿನ್ನಬಾರದು ಹೇಳಿದ್ದಾರೆ? ಉಪ್ಪು, ಸಕ್ಕರೆ, ನೀರು, ಹಣ್ಣು?
– ಅಣ್ಣನಿಗೆ ಅಗಿಯಲು, ನುಂಗಲು ಆಗುತ್ತದಾ? ಗಂಜಿಯಾ, ಗಟ್ಟಿ ಊಟವಾ?
– ಯಾವ ವಾಸನೆಗೆ ವಾಕರಿಕೆ ಬರುತ್ತದೆ?
– ವಾರ್ಡಿನಲ್ಲಿ ಹೊರಗಿನ ತಿಂಡಿ ಬಿಡುತ್ತಾರಾ? ಪಾಸು ಎಷ್ಟು ಜನರಿಗೆ?
– ರಾತ್ರಿ ನೀವು ಮಲಗುವುದೆಲ್ಲಿ? ಊಟ ಎಲ್ಲಿ ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಕೇಳಿದ ಮೇಲೆ ಬುಟ್ಟಿಯ ಪಟ್ಟಿ ತನ್ನಷ್ಟಕ್ಕೆ ಬದಲಾಗುತ್ತದೆ. ರೋಗಿ ಐಸಿಯುನಲ್ಲಿದ್ದರೆ ಒಳಗೆ ಏನನ್ನೂ ಬಿಡುವುದಿಲ್ಲ. ಆಗ ಬುಟ್ಟಿ ಪೂರ್ತಿಯಾಗಿ ಹೊರಗೆ ಬೆಂಚಿನ ಮೇಲೆ ಕೂತವರಿಗೇ ಹೋಗಲಿ.

ಹಂತ 2: ಬುಟ್ಟಿ ಎಂಥದು

ಹಾಸಿಗೆಯ ಪಕ್ಕದ ಲಾಕರಿನ ಮೇಲೆ ನೀರಿನ ಬಾಟಲಿ, ಔಷಧ, ಕನ್ನಡಕ ಇಟ್ಟ ಮೇಲೆ ಉಳಿಯುವುದು ಸ್ವಲ್ಪವೇ ಜಾಗ. ಸುಮಾರು 12 ಇಂಚು ಉದ್ದ, 9 ಇಂಚು ಅಗಲ, 5–6 ಇಂಚು ಎತ್ತರದ ಬುಟ್ಟಿ ಸಾಕು. ತುಂಬಿದ ಮೇಲೆ ಅದು 3 ಕಿಲೋ ಮೀರದಿರಲಿ, ಏಕೆಂದರೆ ಲೋಕಲ್ ರೈಲಿನಲ್ಲಿ ನಿಂತುಕೊಂಡು ಹಿಡಿಯಬೇಕಾದವರು ನೀವು. ಎತ್ತರದ ಹಿಡಿಕೆಯಿರುವ ಅಲಂಕಾರದ ಬುಟ್ಟಿ ಬೇಡ. ಅದು ಲಾಕರಿನೊಳಗೆ ಹೋಗುವುದಿಲ್ಲ, ಕೈ ತಾಗಿದರೆ ಮಗುಚುತ್ತದೆ.

ಬಿದಿರಿನ ಬುಟ್ಟಿ ಕ್ರಾಫರ್ಡ್ ಮಾರ್ಕೆಟ್ಟಿನಲ್ಲೂ ದಾದರಿನಲ್ಲೂ ಸಿಗುತ್ತದೆ. ಕೊಳ್ಳುವಾಗ ಅಂಗೈಯನ್ನು ಒಳಭಾಗದಲ್ಲಿ ಒಮ್ಮೆ ಆಡಿಸಿ, ಸಿಬಿರು ಇದ್ದರೆ ಬಿಡಿ. ಕೀಮೋ, ಅಂದರೆ ಕ್ಯಾನ್ಸರಿನ ಔಷಧ ಚಿಕಿತ್ಸೆ, ಆಗುತ್ತಿರುವವರಿಗೆ ಸಣ್ಣ ಗೀರೂ ಸೋಂಕಿನ ಬಾಗಿಲು. ಮಳೆಗಾಲದಲ್ಲಿ, ಅಂದರೆ ಜೂನಿನಿಂದ ಸೆಪ್ಟೆಂಬರ್ ತನಕ, ಬಿದಿರಿಗೆ ಬೂಸ್ಟು ಹಿಡಿಯುತ್ತದೆ. ಆಗ ಒರೆಸಿಡಬಹುದಾದ ಪ್ಲಾಸ್ಟಿಕ್ ಟಬ್ ಮೇಲು. ದೂರದ ಊರಿಂದ ಬಂದು ಧರ್ಮಶಾಲೆಯಲ್ಲಿ ಉಳಿದವರಿಗೆ ಟಬ್ ಮುಂದೆ ಬಟ್ಟೆ ನೆನೆಸಲಿಕ್ಕೂ ಆಗುತ್ತದೆ.

ಮೇಲೆ ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ. ಒಳಗೆ ಹಣ್ಣು ಬೆವರಿ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ, ಬಿಚ್ಚುವ ಸದ್ದಿಗೆ ವಾರ್ಡಿನ ಅರ್ಧ ಜನ ಏಳುತ್ತಾರೆ. ಅದರ ಬದಲು ಒಂದು ಬೈರಾಸು, ಅಂದರೆ ತೆಳು ಹತ್ತಿಯ ಅಂಗವಸ್ತ್ರ, ಸುತ್ತಿ ಗಂಟು ಹಾಕಿ. ಆಸ್ಪತ್ರೆಯಲ್ಲಿ ಮುಖ ಒರೆಸಲು, ತಲೆಗೆ ಸುತ್ತಲು, ದಿಂಬಿನ ಮೇಲೆ ಹಾಸಲು ಅದಕ್ಕಿಂತ ಉಪಯೋಗದ ಬಟ್ಟೆ ಇನ್ನೊಂದಿಲ್ಲ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಒಯ್ಯಲು ಬಟ್ಟೆಯ ಚೀಲ ಬಳಸಿ, ಅದನ್ನೂ ಅಲ್ಲೇ ಬಿಟ್ಟುಬನ್ನಿ.

ಹಂತ 3: ತಿನ್ನುವ ಸಾಮಾನು

ವಿಶೇಷ ಪಥ್ಯವಿಲ್ಲದೆ ಜ್ವರ ಅಥವಾ ಸಣ್ಣ ಆಪರೇಷನ್ನಿಂದ ಚೇತರಿಸಿಕೊಳ್ಳುತ್ತಿರುವ ದೊಡ್ಡವರಿಗೆ ಇಷ್ಟು ಸಾಕು: ಏಲಕ್ಕಿ ಬಾಳೆ 6 (ಇಲ್ಲಿ ಮರಾಠಿಯಲ್ಲಿ ‘ವೇಲ್ಚೀ ಕೇಳೀ’ ಎಂದರೆ ಕೊಡುತ್ತಾರೆ), ಮೋಸಂಬಿ 4, ಅರಳು 100 ಗ್ರಾಂ, ಗಂಜಿ ಪುಡಿ 7 ಪೊಟ್ಟಣ, ಉಪ್ಪಿಲ್ಲದ ಹುರಿಗಡಲೆ 200 ಗ್ರಾಂ, ಒಆರ್‌ಎಸ್ ಪುಡಿ (ನೀರಿನಲ್ಲಿ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸಿನ ಪುಡಿ) 4 ಪೊಟ್ಟಣ.

ಹಣ್ಣಿನ ಬಗ್ಗೆ ಎರಡು ಸಂಗತಿ. ಸಿಪ್ಪೆ ಸುಲಿದು ತಿನ್ನುವ ಹಣ್ಣೇ ಒಳ್ಳೆಯದು, ಏಕೆಂದರೆ ತೊಳೆಯುವ ನೀರಿನ ಮೇಲೆ ಭರವಸೆ ಇಡಬೇಕಾಗಿಲ್ಲ. ಹೆಚ್ಚಿದ ಹಣ್ಣು, ರಸ್ತೆಬದಿಯ ಕಬ್ಬಿನಹಾಲು ಯಾವ ಕಾಯಿಲೆಗೂ ಬೇಡ. ಇನ್ನು ಬಾಳೆ ಮತ್ತು ಸೇಬು ಎಥಿಲೀನ್ ಎಂಬ ಅನಿಲ ಬಿಡುತ್ತವೆ, ಅದು ಸುತ್ತಲಿನ ಹಣ್ಣನ್ನು ಬೇಗ ಮಾಗಿಸುತ್ತದೆ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಒತ್ತಿ ಇಟ್ಟರೆ ಮುಂಬಯಿಯ ಸೆಕೆಗೆ ಮೂರನೆಯ ದಿನ ಎಲ್ಲ ಕಪ್ಪು. ಬಾಳೆಯನ್ನು ಬೇರೆ ಕಾಗದದ ಚೀಲದಲ್ಲಿ ಹಾಕಿ, ಅರ್ಧ ಹಣ್ಣು ಮಾಗಿದ್ದು, ಅರ್ಧ ದೋರೆ ಇರಲಿ.

ಅರಳು ಎಂದರೆ ಭತ್ತ ಹುರಿದು ಅರಳಿಸಿದ್ದು. ಮರಾಠಿ ಅಂಗಡಿಯಲ್ಲಿ ‘ಸಾಳೀಚ್ಯಾ ಲಾಹ್ಯಾ’ ಎಂದು ಕೇಳಿ. ಮಂಡಕ್ಕಿ ಬೇರೆ, ಅದರಲ್ಲಿ ಉಪ್ಪಿರುತ್ತದೆ. ಏನೂ ಸೇರದ ಹೊಟ್ಟೆಗೆ ಬಿಸಿನೀರಿನಲ್ಲಿ ನೆನೆಸಿದ ಒಂದು ಹಿಡಿ ಅರಳು ಇಳಿಯುತ್ತದೆ.

ಗಂಜಿ ಪುಡಿಯನ್ನು ಮನೆಯಲ್ಲೇ ಮಾಡಿ, ಇದೇ ಬುಟ್ಟಿಯ ತಿರುಳು. ನುಚ್ಚಕ್ಕಿ 250 ಗ್ರಾಂ, ಹೆಸರುಬೇಳೆ 100 ಗ್ರಾಂ, ಜೀರಿಗೆ ಒಂದು ಟೀ ಚಮಚ. ಅಕ್ಕಿ, ಬೇಳೆಗಳನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ 8–10 ನಿಮಿಷ ಹುರಿಯಿರಿ. ಅಕ್ಕಿ ಕೈಗೆ ಚುರುಕೆನ್ನುವಷ್ಟು ಬಿಸಿಯಾಗಬೇಕು, ಬಣ್ಣ ತಿರುಗಬಾರದು. ಬೇಳೆಯ ಘಮ ಬಂದರೆ ಸಾಕು. ಜೀರಿಗೆಯನ್ನು ಕೊನೆಯ ಒಂದು ನಿಮಿಷ ಹಾಕಿ. ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಒಂದು ಗಂಟೆ ಬಿಡಿ. ಹೆಚ್ಚಿನವರು ಎಡವುವುದು ಇಲ್ಲಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಹಬೆ ನಿಂತು ಪುಡಿ ಗಂಟುಗಟ್ಟುತ್ತದೆ, ವಾರದಲ್ಲಿ ಬೂಸ್ಟು. ಆರಿದ ಮೇಲೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ರವೆಯ ಹದಕ್ಕೆ ತನ್ನಿ, ನುಣ್ಣಗೆ ಬೇಡ. ಉಪ್ಪು ಸೇರಿಸಲೇಬಾರದು, ಯಾರಿಗೆ ಎಷ್ಟು ಉಪ್ಪು ಎಂಬುದು ಡಾಕ್ಟರು ಹೇಳಿದ ಹಾಗೆ. 50 ಗ್ರಾಮಿನಂತೆ 7 ಪೊಟ್ಟಣ ಕಟ್ಟಿ, ಜೊತೆಗೆ ಚೀಟಿ: ‘ಒಂದು ಪೊಟ್ಟಣವನ್ನು ಮೊದಲು ಅರ್ಧ ಲೋಟ ತಣ್ಣೀರಿನಲ್ಲಿ ಕಲಸಿ. ಆಮೇಲೆ ಒಟ್ಟು ಅರ್ಧ ಲೀಟರ್ ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ 15–20 ನಿಮಿಷ ಕೈಯಾಡಿಸುತ್ತ ಬೇಯಿಸಿ.’ ನೇರವಾಗಿ ಕುದಿನೀರಿಗೆ ಸುರಿದರೆ ಗಂಟಾಗುತ್ತದೆ. ಒಣ ಜಾಗದಲ್ಲಿ ಮೂರು ವಾರ ಇರುತ್ತದೆ, ಮಳೆಗಾಲದಲ್ಲಿ ಎರಡೇ ವಾರ ಎಂದು ಬರೆಯಿರಿ.

ಮನೆಗೆ ಬಂದು ಮಲಗಿರುವ ಕರಾವಳಿಯವರಿಗಾದರೆ ಮಾಟುಂಗದ ಅಂಗಡಿಯ ಕುಚ್ಚಲಕ್ಕಿ ಅರ್ಧ ಕಿಲೋ ಕೊಡಿ, ಸಂತೋಷಪಡುತ್ತಾರೆ. ಆದರೆ ಅದು ಬೇಯಲು ಹೊತ್ತು ಬೇಕು. ಒಂದೇ ಒಲೆಯನ್ನು ಹತ್ತು ಜನ ಹಂಚಿಕೊಳ್ಳುವ ಕಡೆ ನುಚ್ಚಿನ ಗಂಜಿಯೇ ಸರಿ.

ಒಆರ್‌ಎಸ್ ಕೊಳ್ಳುವಾಗ ಔಷಧದಂಗಡಿಯ ಪುಡಿಯನ್ನೇ ಕೊಳ್ಳಿ, ಹಣ್ಣಿನ ರುಚಿಯ ಡಬ್ಬಿ ಪಾನೀಯ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಪೊಟ್ಟಣದ ಹಿಂದೆ ಇದನ್ನು ಓದಿ ನೋಡಿ. ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಿದ್ದರೆ ಭೇದಿ ನಿಲ್ಲುವ ಬದಲು ಹೆಚ್ಚುತ್ತದೆ. ಪೊಟ್ಟಣಗಳಲ್ಲಿ 1 ಲೀಟರಿನವೂ ಇವೆ, 200 ಮಿಲಿಯವೂ ಇವೆ. ಯಾವುದು ಎಂದು ದೊಡ್ಡಕ್ಷರದಲ್ಲಿ ಮೇಲೆ ಬರೆಯಿರಿ.

ತೆಂಗಿನಕಾಯಿ ಹಾಕಿದ ಚಟ್ನಿ, ಬರ್ಫಿ, ಮನೆಯ ಮೊಸರು ಬುಟ್ಟಿಗೆ ಸಲ್ಲವು. ಬೇಯಿಸಿದ ಊಟ ಒಯ್ಯುವುದಾದರೆ ಬಿಸಿಬಿಸಿಯಾಗಿ ಥರ್ಮಾಸಿನಲ್ಲಿ ಒಯ್ಯಿರಿ. ಸಾಧಾರಣ ಡಬ್ಬಿಯಲ್ಲಾದರೆ ಎರಡು ಗಂಟೆ ದಾಟಿದ ಮೇಲೆ ಕಾಯಿಲೆಯವರಿಗೆ ಕೊಡುವಂತಿಲ್ಲ.

ಹಂತ 4: ಕಾಯಿಲೆಗೆ ತಕ್ಕಂತೆ ತೆಗೆಯುವುದು, ಸೇರಿಸುವುದು

*ಕಿಡ್ನಿ ಕಾಯಿಲೆ, ಡಯಾಲಿಸಿಸ್:* ಕೆಟ್ಟ ಕಿಡ್ನಿ ಪೊಟ್ಯಾಶಿಯಂ ಎಂಬ ಲವಣವನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಎಳನೀರು, ಬಾಳೆಹಣ್ಣು, ಮೋಸಂಬಿ, ಖರ್ಜೂರ, ಒಣಹಣ್ಣು ಪೂರ್ತಿ ತೆಗೆಯಿರಿ. ‘ಕಡಿಮೆ ಸೋಡಿಯಂ ಉಪ್ಪು’ ಎಂದು ಮಾರುವುದರಲ್ಲೂ ಪೊಟ್ಯಾಶಿಯಂ ಇರುತ್ತದೆ. ಧಾರೆಹುಳಿ, ಅಂದರೆ ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು, ಕಿಡ್ನಿ ಕೆಟ್ಟವರಿಗೆ ವಿಷ. ಊರಿಂದ ಬಂದ ಉಪ್ಪಿನಕಾಯಿಯಲ್ಲಿದ್ದರೂ ಬೇಡ. ಸೇಬು, ಮರಸೇಬು ಕೊಡಬಹುದು, ಅದೂ ಕೇಳಿಕೊಂಡು. ಇವರಿಗೆ ನೀರಿಗೂ ಅಳತೆ. ಜ್ಯೂಸಿನ ಬದಲು ಮಿಲಿ ಗುರುತಿರುವ 500 ಮಿಲಿ ಬಾಟಲಿ ಕೊಡಿ, ದಿನದ ಲೆಕ್ಕ ಇಡಲು ಅನುಕೂಲ.

*ಸಕ್ಕರೆ ಕಾಯಿಲೆ:* ಬೆಲ್ಲ, ಜೇನು ‘ಸಹಜ’ ಎಂದುಕೊಂಡು ಇಡಬೇಡಿ, ಅವೂ ಸಕ್ಕರೆ ಏರಿಸುತ್ತವೆ. ಸಕ್ಕರೆ ಇಲ್ಲವೆಂಬ ಬಿಸ್ಕತ್ತಿನಲ್ಲೂ ಮೈದಾ ಇರುತ್ತದೆ. ಹುರಿಗಡಲೆ, ಉಪ್ಪಿಲ್ಲದ ಕಡಲೆಬೀಜ, ಬಿಗಿ ಎಲಾಸ್ಟಿಕ್ ಇಲ್ಲದ ಹತ್ತಿಯ ಕಾಲುಚೀಲ ಒಳ್ಳೆಯವು. ಒಂದು ಸಣ್ಣ ಗ್ಲೂಕೋಸ್ ಪೊಟ್ಟಣವನ್ನು ಬೇರೆಯಾಗಿ ಇಟ್ಟು ‘ಸಕ್ಕರೆ ತಗ್ಗಿ ಬೆವರು, ನಡುಕ ಬಂದರೆ ಮಾತ್ರ: 3 ಟೀ ಚಮಚ ನೀರಿನಲ್ಲಿ’ ಎಂದು ಬರೆಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂಬುದನ್ನೂ ಅದೇ ಚೀಟಿಯಲ್ಲಿ ಸೇರಿಸಿ.

*ಹೃದಯದ ಕಾಯಿಲೆ:* ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮೂರೂ ಉಪ್ಪಿನ ಗಣಿ. ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಕೆಲವು, ಮುಖ್ಯವಾಗಿ ಕೃತಕ ಕವಾಟ ಹಾಕಿಸಿಕೊಂಡವರು ತೆಗೆದುಕೊಳ್ಳುವಂಥವು, ಸೊಪ್ಪಿನ ಪ್ರಮಾಣ ಒಮ್ಮೆಲೇ ಏರಿಳಿದರೆ ಹದ ತಪ್ಪುತ್ತವೆ. ಚಕ್ಕೋತ ಹಣ್ಣು ಕೆಲವು ಮಾತ್ರೆಗಳ ಅಂಶವನ್ನು ರಕ್ತದಲ್ಲಿ ಏರಿಸುತ್ತದೆ. ಎರಡನ್ನೂ ಕೇಳದೆ ಇಡಬೇಡಿ.

*ಕೀಮೋ ನಡೆಯುತ್ತಿರುವವರು:* ಬಿಳಿ ರಕ್ತಕಣ ಇಳಿದಾಗ ಸಾಮಾನ್ಯ ಬ್ಯಾಕ್ಟೀರಿಯಾವೂ ಜ್ವರ ತರುತ್ತದೆ. ಹೂಗುಚ್ಛ, ಕುಂಡದ ಗಿಡ, ಮೊಳಕೆ ಕಾಳು, ಮನೆಯ ಉಪ್ಪಿನಕಾಯಿ, ದೇವಸ್ಥಾನದ ತೀರ್ಥ ಬೇಡ. ಪ್ರಸಾದವೆಂದು ಕುಂಕುಮ ಕೊಡಬಹುದು. ಮಲ್ಲಿಗೆ, ಅಗರಬತ್ತಿ, ಘಮಘಮ ಸೋಪು ಬೇರೆಯವರಿಗೆ ಹಿತ, ಇವರಿಗೆ ವಾಂತಿ. ಬಾಯಿ ಲೋಹದ ರುಚಿ ಹೇಳುತ್ತಿದ್ದರೆ ಸ್ಟೀಲ್ ಚಮಚದ ಬದಲು ಮರದ್ದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಎರಡು ಚಮಚ ಇಡಿ. ಇಷ್ಟು ಚಿಕ್ಕ ವಸ್ತುವಿನಿಂದ ಊಟ ಒಳಗೆ ಹೋಗುವುದುಂಟು. ಆಕ್ಸಾಲಿಪ್ಲಾಟಿನ್ ಎಂಬ ಔಷಧ ನಡೆಯುತ್ತಿದ್ದರೆ ತಣ್ಣನೆಯದನ್ನು ಮುಟ್ಟಿದರೂ ಕುಡಿದರೂ ಕೈಬೆರಳು, ಗಂಟಲು ಜುಮ್ಮೆಂದು ಬಿಗಿಯುತ್ತವೆ. ಅಂಥವರಿಗೆ ಐಸ್ಕ್ರೀಮ್ ಬೇಡ, ಹತ್ತಿಯ ಕೈಚೀಲ, ಕಾಲುಚೀಲ ಕೊಡಿ.

*ಬಾಯಿ, ಗಂಟಲಿನ ಚಿಕಿತ್ಸೆ:* ಹುಳಿ, ಖಾರ, ಗರಿಗರಿ ಯಾವುದೂ ಬೇಡ. ತೀರಾ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಕೊಡಿ. ಮೂಗಿನ ನಳಿಗೆಯಲ್ಲಿ ಆಹಾರ ಹೋಗುತ್ತಿದ್ದರೆ ಬುಟ್ಟಿಗೆ ತಿನಿಸೇ ಬೇಡ. ತೂತು ಸಣ್ಣದಿರುವ ಸ್ಟೀಲ್ ಜರಡಿ ಇಡಿ. ಸೋಸದ ಗಂಜಿಯ ಒಂದು ಅಗುಳು ನಳಿಗೆಯನ್ನು ಕಟ್ಟಿಬಿಡುತ್ತದೆ, ನಳಿಗೆ ಬದಲಿಸುವ ಹಿಂಸೆ ರೋಗಿಗೆ.

*ಡೆಂಗಿ:* ಒಆರ್‌ಎಸ್, ಗಂಜಿ, ಸೊಳ್ಳೆಪರದೆ. ಜ್ವರ ಇರುವಾಗ ಕಚ್ಚಿದ ಸೊಳ್ಳೆ ಮನೆಯ ಉಳಿದವರಿಗೂ ಹರಡುತ್ತದೆ, ಹಾಗಾಗಿ ಪರದೆ ಹಗಲಲ್ಲೂ ಬೇಕು. ಬೀಟ್ರೂಟ್, ದಾಳಿಂಬೆ ರಸ ಸದ್ಯಕ್ಕೆ ಬೇಡ. ವಾಂತಿಯಾದರೆ ಕೆಂಪು ಬಣ್ಣ ಹಣ್ಣಿನದೋ ರಕ್ತದ್ದೋ ಎಂದು ತಿಳಿಯದೆ ಡಾಕ್ಟರಿಗೂ ಗೊಂದಲ.

*ಮೂಳೆ ಮುರಿತ, ಮಂಡಿ ಆಪರೇಷನ್:* ವಾಕರಿಗೆ ಕಟ್ಟುವ ಬಟ್ಟೆಯ ಜೋಳಿಗೆ, ಬಚ್ಚಲಿಗೆ ಜಾರದ ಮ್ಯಾಟು, ಕರೆಯಲು ಸಣ್ಣ ಗಂಟೆ. ನೋವಿನ ಮಾತ್ರೆಯಿಂದ ಮಲಬದ್ಧತೆ ಸಾಮಾನ್ಯ, ಬೇರೆ ಪಥ್ಯವಿಲ್ಲದಿದ್ದರೆ 200 ಗ್ರಾಂ ಒಣದ್ರಾಕ್ಷಿ ಇಡಿ.

*ಕ್ಷಯ:* ಇಲ್ಲಿ ಹಬ್ಬದ ಬುಟ್ಟಿಗಿಂತ ತಿಂಗಳ ದಿನಸಿ ಮುಖ್ಯ. ಕೇಂದ್ರ ಸರಕಾರ 2022ರಲ್ಲಿ ಶುರುಮಾಡಿದ ನಿ-ಕ್ಷಯ್ ಮಿತ್ರ ಏರ್ಪಾಡಿನಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಿ ರೋಗಿಯೊಬ್ಬರಿಗೆ ತಿಂಗಳು ತಿಂಗಳು ಧಾನ್ಯ, ಬೇಳೆ, ಎಣ್ಣೆ, ಹಾಲಿನಪುಡಿ ಅಥವಾ ಕಡಲೆಬೀಜದ ಬುಟ್ಟಿ ಕೊಡಬಹುದು. ಸಂಘಸಂಸ್ಥೆಗಳೂ ಸೇರಬಹುದು.

*ಮಕ್ಕಳು:* ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಐದು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಉಸಿರಿಗೆ ಸಿಕ್ಕಿಕೊಳ್ಳುತ್ತವೆ. ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುವ ಆಟಿಕೆ ಬೇಡ. ಬಣ್ಣದ ಸೀಸ, ಚಿತ್ರದ ಪುಸ್ತಕ, ತೊಳೆಯಬಹುದಾದ ಗೊಂಬೆ ಇರಲಿ.

ಯಾವ ಕಾಯಿಲೆಗೂ ಬುಟ್ಟಿಯಲ್ಲಿ ಔಷಧ ಇಡಬೇಡಿ. ಊರಿನ ಕಷಾಯದ ಪುಡಿ, ಪರಿಚಿತರ ಮಾತ್ರೆ, ಬೇರು, ಭಸ್ಮ ಯಾವುದೂ ಬೇಡ. ಡೆಂಗಿ ಜ್ವರದಲ್ಲಿ ಮೈಕೈ ನೋವಿಗೆಂದು ನುಂಗಿದ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಮಾತ್ರೆ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ.

ಹಂತ 5: ತಿನ್ನದ ಸಾಮಾನು

ಕೈಗೆಟುಕುವುದೇ ಇಲ್ಲಿ ಅಳತೆಗೋಲು. ಮಲಗಿದವರು ಒಂದು ಕೈಯಿಂದ ಬಳಸಲು ಆಗಬೇಕು, ಇನ್ನೊಂದು ಕೈಗೆ ಸಲೈನ್ ಇರುತ್ತದೆ.

ಕನಿಷ್ಠ 2 ಮೀಟರ್ ಉದ್ದದ ಚಾರ್ಜರ್ ವೈರು ಮೊದಲು. ವಾರ್ಡಿನ ಪ್ಲಗ್ಗು ಯಾವಾಗಲೂ ಹಾಸಿಗೆಯಿಂದ ದೂರವೇ. ಬಾಗುವ ಸಿಲಿಕೋನ್ ಸ್ಟ್ರಾ ಎರಡು, ಜೊತೆಗೆ ಅದನ್ನು ತೊಳೆಯುವ ಸಣ್ಣ ಬ್ರಷ್. ಕಾಗದದ ಸ್ಟ್ರಾ ಬಿಸಿ ಗಂಜಿಯಲ್ಲಿ ಕರಗಿ ಮೆತ್ತಗಾಗುತ್ತದೆ. ಏಸಿಗೆ ಒಡೆಯುವ ತುಟಿಗೆ ಘಮವಿಲ್ಲದ ಮುಲಾಮು. ಮುಂದೆ ಗುಂಡಿ ಇರುವ ಸಡಿಲ ಹತ್ತಿ ಅಂಗಿ. ರಾತ್ರಿಯಿಡೀ ದೀಪ ಉರಿಯುವ ವಾರ್ಡಿನಲ್ಲಿ ಕಣ್ಣುಪಟ್ಟಿ ಮತ್ತು ಕಿವಿಗೆ ಹತ್ತಿ.

ಓದುವವರಿಗೆ ‘ಕರ್ನಾಟಕ ಮಲ್ಲ’ದಂಥ ಮುಂಬಯಿಯ ಕನ್ನಡ ಪತ್ರಿಕೆ, ‘ತರಂಗ’, ‘ಸುಧಾ’ದಂಥ ವಾರಪತ್ರಿಕೆ ಇರಲಿ. ದಪ್ಪ ಕಾದಂಬರಿ ಎದೆಯ ಮೇಲೆ ಭಾರ, ತೆಳು ಪುಸ್ತಕವೇ ಚೆಂದ. ಕಣ್ಣು ಸೋತವರಿಗೆ ಅವರ ಮೆಚ್ಚಿನ ತಾಳಮದ್ದಳೆಯನ್ನೋ ವಚನವನ್ನೋ ದಾಸರ ಪದವನ್ನೋ ಅವರ ಮೊಬೈಲಿಗೆ ನೀವೇ ಇಳಿಸಿಕೊಟ್ಟು ಒಂದು ಇಯರ್ಫೋನ್ ಇಡಿ. ‘ಇಳಿಸಿಕೊಳ್ಳಿ’ ಎಂದು ಲಿಂಕು ಕಳಿಸಿದರೆ ಯಾರೂ ಇಳಿಸಿಕೊಳ್ಳುವುದಿಲ್ಲ.

ಹಂತ 6: ಜೊತೆಗಿರುವವರ ಪಾಲು

ಇದನ್ನು ಬೇರೆ ಬಟ್ಟೆಯ ಚೀಲದಲ್ಲಿ ಕಟ್ಟಿ, ಅವರ ಹೆಸರು ಬರೆದು, ಅವರ ಕೈಗೇ ಕೊಡಿ. ಒಂದೇ ಬುಟ್ಟಿಯಲ್ಲಿ ಹಾಕಿದರೆ ‘ಇದು ಅವರಿಗೆ ತಂದದ್ದು’ ಎಂದು ಮುಟ್ಟುವುದೇ ಇಲ್ಲ.

ಅವಲಕ್ಕಿ ಚಿವಡಾ ಅಥವಾ ಖಾರದ ಕಡಲೆ 250 ಗ್ರಾಂ, ಚಹಾಪುಡಿ, ಸಕ್ಕರೆ, ಹಾಳೆ ತಿರುವುವ ನೋಟುಪುಸ್ತಕ, ದಾರ ಕಟ್ಟಿದ ಪೆನ್ನು. ಪುಸ್ತಕದಲ್ಲಿ ನೀವೇ ಗೆರೆ ಎಳೆದು ಕೊಡಿ: ತಾರೀಖು, ಹೊತ್ತು, ಜ್ವರ, ಕುಡಿದ ನೀರು, ಹೋದ ಮೂತ್ರ, ಕೊಟ್ಟ ಮಾತ್ರೆ, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ. ಬೆಳಗಿನ ರೌಂಡಿನಲ್ಲಿ ಡಾಕ್ಟರು ನಿಲ್ಲುವುದು ಎರಡು ನಿಮಿಷ, ಆಗ ಈ ಪುಟ ಬಾಯಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ವರದಿಗಳಿಗೆ 20 ಜೇಬಿನ ಎ4 ಫೈಲು. ಗಾಳಿ ತುಂಬುವ ದಿಂಬು, ತೆಳು ಹೊದಿಕೆ. ಸಣ್ಣ ನೋಟುಗಳಲ್ಲಿ 200–300 ರೂಪಾಯಿ ಹಾಕಿದ ಲಕೋಟೆ. ಕ್ಯಾಂಟೀನು, ಜೆರಾಕ್ಸು, ಟ್ಯಾಕ್ಸಿ ಎಲ್ಲ ಕಡೆ ಚಿಲ್ಲರೆಯ ಗಲಾಟೆ.

ಎಲ್ಲಕ್ಕಿಂತ ಬೆಲೆಬಾಳುವುದು ಒಂದು ಚೀಟಿ: ‘ಶನಿವಾರ ರಾತ್ರಿ 8ರಿಂದ ಬೆಳಿಗ್ಗೆ 7ರ ತನಕ ಅಣ್ಣನ ಹತ್ತಿರ ನಾನು ಇರುತ್ತೇನೆ. ಅತ್ತಿಗೆ, ನೀವು ಮನೆಗೆ ಹೋಗಿ ಮಲಗಿ.’ ದಿನ, ಹೊತ್ತು ಸ್ಪಷ್ಟವಾಗಿರಲಿ. ‘ಏನಿದ್ದರೂ ಹೇಳಿ’ ಎಂದು ಬರೆದರೆ ಯಾರೂ ಹೇಳುವುದಿಲ್ಲ.

ಹುಬ್ಬಳ್ಳಿ, ಕಲಬುರಗಿ, ವಿಜಯಪುರದ ಕಡೆಯಿಂದ ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಧರ್ಮಶಾಲೆಯಲ್ಲಿ ಉಳಿದಿರುವ ಕುಟುಂಬಕ್ಕಾದರೆ ಈ ಚೀಲದ ರೂಪವೇ ಬೇರೆ. ಖಡಕ್ ಜೋಳದ ರೊಟ್ಟಿ 20, ಶೇಂಗಾ ಚಟ್ನಿಪುಡಿ 200 ಗ್ರಾಂ (ಇವು ಜೊತೆಗಿರುವವರಿಗೆ), ಬಟ್ಟೆ ಒಣಗಿಸಲು 5 ಮೀಟರ್ ಹಗ್ಗ ಮತ್ತು 12 ಕ್ಲಿಪ್ಪು, ಒಂದು ಬೀಗ. ಎಲೆಕ್ಟ್ರಿಕ್ ಕೆಟಲ್ ಕೊಡುವ ಮೊದಲು ಅಲ್ಲಿ ಬಿಡುತ್ತಾರೆಯೇ ಎಂದು ಕೇಳಿ. ಮರಾಠಿ ಬಾರದವರಿಗೆ ಕನ್ನಡ ಲಿಪಿಯಲ್ಲಿ ಒಂದು ಚೀಟಿ ಬರೆದಿಡಿ: ಗರಮ್ ಪಾಣೀ – ಬಿಸಿನೀರು, ಮೀಠ್ ಕಮೀ – ಉಪ್ಪು ಕಡಿಮೆ, ತಿಖಟ್ ನಕೋ – ಖಾರ ಬೇಡ, ದುಖತಯ್ – ನೋಯುತ್ತಿದೆ, ಉಲಟೀ – ವಾಂತಿ. ಅದರ ಹಿಂದೆ ದಾರಿ: ಪಶ್ಚಿಮ ರೈಲ್ವೆಯಲ್ಲಿ ಬಂದರೆ ಪ್ರಭಾದೇವಿ, ಮಧ್ಯ ರೈಲ್ವೆಯಲ್ಲಿ ಪರೇಲ್ ನಿಲ್ದಾಣ, ಆಟೋರಿಕ್ಷಾ ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಬರುವುದಿಲ್ಲ, ಪರೇಲಿನಲ್ಲಿ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿ ಅಥವಾ ಬೆಸ್ಟ್ (ನಗರ ಸಾರಿಗೆ) ಬಸ್ಸು. ನಿಮ್ಮ ಫೋನ್ ನಂಬರನ್ನೂ ಬರೆಯಿರಿ. ಕನ್ನಡ ಕಿವಿಗೆ ಬೀಳಬೇಕೆನಿಸಿದರೆ ಮಾಟುಂಗದ ಮೈಸೂರು ಅಸೋಸಿಯೇಷನ್ ಎಂಬ ಕನ್ನಡಿಗರ ಸಂಘ ಅಲ್ಲಿಂದ ದೂರವಿಲ್ಲ.

ಹಂತ 7: ಜೋಡಿಸುವುದು

ಒಣ ಸಾಮಾನು, ಗಂಜಿ ಪೊಟ್ಟಣ ಕೆಳಗೆ, ಬಾಟಲಿ, ಡಬ್ಬಿ ನಡುವೆ ನೆಟ್ಟಗೆ, ಹಣ್ಣು ಮೇಲೆ, ತುಟಿಯ ಮುಲಾಮು, ಸ್ಟ್ರಾ, ಚಮಚ ಅಂಚಿನಲ್ಲಿ, ಕೈಹಾಕಿದರೆ ಸಿಗುವ ಹಾಗೆ. ಗಾಜಿನ ಬಾಟಲಿ ಬೇಡ. ಮನೆಯಲ್ಲಿ ಮಾಡಿದ ಪ್ರತಿಯೊಂದರ ಮೇಲೆ ಹೆಸರು, ಹಾಕಿದ ಪದಾರ್ಥ, ಮಾಡಿದ ತಾರೀಖು, ಎಂದಿನ ತನಕ ಚೆನ್ನಾಗಿರುತ್ತದೆ ಎಂಬುದನ್ನು ಬರೆಯಿರಿ. ಡಯಟೀಷಿಯನ್, ಅಂದರೆ ಪಥ್ಯ ಹೇಳುವವರು, ಕೇಳಿದಾಗ ತೋರಿಸಲು ಇದೇ ಆಧಾರ. ಸ್ಟೀಲ್ ಡಬ್ಬಿ ಇಟ್ಟರೆ ‘ಡಬ್ಬಿ ವಾಪಸ್ ಬೇಡ’ ಎಂದು ಅಂಟಿಸಿ. ಆ ಚಿಂತೆ ನಿಜವಾಗಿಯೂ ಅವರನ್ನು ಕಾಡುತ್ತದೆ.

ಪತ್ರ ನಾಲ್ಕು ಸಾಲು, ಕೈಬರಹದಲ್ಲಿ, ದೊಡ್ಡಕ್ಷರದಲ್ಲಿ. ‘ಧೈರ್ಯವಾಗಿರಿ’, ‘ನಿಮಗೇನೂ ಆಗುವುದಿಲ್ಲ’, ‘ನಮ್ಮ ಭಾವನಿಗೂ ಇದೇ ಆಗಿತ್ತು’ ಎಂಬ ಮಾತು ಬೇಡ. ವಾಸಿಯಾಗದ ಕಾಯಿಲೆ ಎಂದು ಗೊತ್ತಿದ್ದರೆ ‘ಬೇಗ ಗುಣವಾಗಿ ಬನ್ನಿ’ ಎಂಬುದೂ ಚುಚ್ಚುತ್ತದೆ. ‘ದಿನಾ ನೆನೆಯುತ್ತೇವೆ. ಮಗಳ ಪರೀಕ್ಷೆ ಮುಗಿಯಿತು. ಭಾನುವಾರ ಸಂಜೆ ಬರುತ್ತೇನೆ, ಮಾತಾಡಲು ಆಗದಿದ್ದರೆ ಸುಮ್ಮನೆ ಕೂತಿರುತ್ತೇನೆ. ಉತ್ತರ ಬರೆಯಬೇಡಿ.’ ಇಷ್ಟು ಸಾಕು.

ಹಂತ 8: ತಲುಪಿಸುವುದು

ಭೇಟಿಯ ಹೊತ್ತು ಹೆಚ್ಚಿನ ಕಡೆ ಸಂಜೆ. ಡೊಂಬಿವಲಿ, ಮೀರಾರೋಡ್ ಕಡೆಯಿಂದ ಬರುವವರು ಮಧ್ಯಾಹ್ನ ಎರಡರ ಸುಮಾರಿಗೆ ಲೋಕಲ್ ಹತ್ತಿದರೆ ಬುಟ್ಟಿ ಮಡಿಲಲ್ಲಿಟ್ಟು ಕೂರಬಹುದು. ಬೆಳಗಿನ ಎಂಟರಿಂದ ಹನ್ನೊಂದರ ನೂಕುನುಗ್ಗಲಿನಲ್ಲಿ ಹಣ್ಣು ಉಳಿಯುವುದಿಲ್ಲ. ಬುಟ್ಟಿಯನ್ನು ಮೇಲಿನ ಕಂಬಿಯ ಮೇಲೆ ಹತ್ತಿಸಬೇಡಿ. ಮಳೆ ಜೋರಿದ್ದರೆ ಆ ದಿನ ಹೊರಡಬೇಡಿ, ಒದ್ದೆ ಬಟ್ಟೆಯಲ್ಲಿ ವಾರ್ಡಿಗೆ ಹೋಗುವುದು ಯಾರಿಗೂ ಹಿತವಲ್ಲ. ನಿಮಗೇ ಶೀತ, ಕೆಮ್ಮು ಇದ್ದರೆ ಬುಟ್ಟಿಯನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಿ.

ಗೇಟಿನ ಕಾವಲುಗಾರರು ತಿಂಡಿ ತಡೆದರೆ ಜಗಳ ಬೇಡ. ಜೊತೆಗಿರುವವರನ್ನು ಕೆಳಗೆ ಕರೆಸಿ ಕೊಡಿ. ಒಳಗೆ ಹೋದರೆ ಬುಟ್ಟಿಯನ್ನು ಸಿಸ್ಟರಿಗೆ ಒಮ್ಮೆ ತೋರಿಸಿ, ಬೇಡವೆಂದ ವಸ್ತುವನ್ನು ಅಲ್ಲೇ ತೆಗೆದು ವಾಪಸ್ ತನ್ನಿ. ಬುಟ್ಟಿ ಕೊಟ್ಟು, ಕೈ ತೊಳೆದುಕೊಂಡು, ಹತ್ತು ನಿಮಿಷ ಕೂತು ಎದ್ದುಬನ್ನಿ. ಹಾಸಿಗೆಯ ಮೇಲೆ ಕೂರಬೇಡಿ.

ದೀರ್ಘ ಕಾಯಿಲೆಯಾದರೆ ಎಲ್ಲವನ್ನೂ ಮೊದಲ ದಿನವೇ ಕೊಡಬೇಡಿ. ಮೊದಲ ವಾರ ಹತ್ತು ಜನ ಬರುತ್ತಾರೆ, ಹಣ್ಣು ಕೊಳೆಯುವಷ್ಟು ಬರುತ್ತದೆ. ಮೂರನೆಯ ವಾರ ಯಾರೂ ಇರುವುದಿಲ್ಲ, ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ. ಸಾಮಾನಿನ ಅರ್ಧವನ್ನು ಎತ್ತಿಟ್ಟುಕೊಂಡು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆಗ ಒಯ್ಯಿರಿ. ಹೊಸ ಬುಟ್ಟಿ ಬೇಡ, ಅಲ್ಲಿರುವುದನ್ನೇ ತುಂಬಿಸಿ. ಹೊರಡುವ ಹಿಂದಿನ ದಿನ ಪಥ್ಯ ಬದಲಾಗಿದೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಕೀಮೋದ ಹೊಸ ಸುತ್ತು ಶುರುವಾದರೆ, ಡಯಾಲಿಸಿಸ್ ಹಚ್ಚಿದರೆ, ಹಿಂದಿನ ಪಟ್ಟಿ ಪೂರ್ತಿ ತಪ್ಪಾಗಿರುತ್ತದೆ.